ಬೀಡಿ ವಾಪಸ್ ಕೊಟ್ಟವನ ಜಾಡು

ರಾಮನಗರದಲ್ಲಿ ಬಸವಯ್ಯನವರ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಅಲ್ಲಿ ಗೂಡು ಬೇಯಿಸುವುದು ಲಕ್ಕಯ್ಯನ ಕೆಲಸ, ಪತ್ತೇದಾರಿಕೆ ಅವನ ಹುಚ್ಚು. ಬಾಡಿಗೆಗೆ ಸಿಗುವ ಪತ್ತೇದಾರಿ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ. ಇದುವರೆಗೆ ಪತ್ತೆ ಹಚ್ಚಿದ್ದು ಒಂದು ಕೋಳಿಯನ್ನು ಮಾತ್ರ. ಅದೂ ತಾನಾಗಿ ಮನೆಗೆ ಬಂದಿತ್ತು.

ರೇಷ್ಮೆಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಆ ವರ್ಷ, ಪಕ್ಕದ ಒಲೆಯ ಗೆಳೆಯ ಮುನಿಯಪ್ಪ ಹೇಳದೆ ಕೇಳದೆ ಮಾಯವಾದ. ಅವತ್ತೇ ಒಂದು ಲಡಿ, ಸುತ್ತಿಟ್ಟ ರೇಷ್ಮೆ ನೂಲಿನ ಕಟ್ಟು, ಕಾಣೆಯಾಯಿತು.

"ನಾಳೆ ರಾತ್ರಿ ಬೀಗ ಹಾಕೋದ್ರೊಳಗೆ ಅವ್ನು ಬರ್ನಿಲ್ಲ ಅಂದ್ರೆ ಸ್ಟೇಷನ್ನಿಗೆ ಹೇಳ್ತೀನಿ," ಎಂದರು ಬಸವಯ್ಯ.

"ಅವ್ನು ಕಳ್ಳ ಅಲ್ಲ ಸಾವ್ಕಾರ್ರೇ. ನಾನು ಹುಡುಕ್ಕಂಡ್ ಬತ್ತೀನಿ," ಎಂದ ಲಕ್ಕಯ್ಯ.

"ನೀನಾ? ಮೊನ್ನೆ ನಿನ್ ಚಪ್ಲಿನೇ ನಿಂಗೆ ಸಿಗ್ನಿಲ್ವಲ್ಲೋ!"

ಶೆಡ್ಡೆಲ್ಲ ನಕ್ಕಿತು. ಲಕ್ಕಯ್ಯನೂ ನಕ್ಕ. ಬೆಳಿಗ್ಗೆ ಮಾತ್ರ ಕೂಲಿ ಬಿಟ್ಟು ಹೊರಟೇಬಿಟ್ಟ.

ಪೆಟ್ಟಿಗೆ ಅಂಗಡಿಯ ಅಮೀರುನ್ನೀಸಾ ಹೇಳಿದಳು: "ಮುನಿಯಪ್ಪ ಬಂದಿದ್ದ. ಬೀಡಿ ಕಟ್ಟು ವಾಪಸ್ ಕೊಟ್ಟು ಸೋಪು ತಗೊಂಡು ಹೋದ."

ಸೋಪು! ಯಾವಳೋ ಹುಡುಗಿಯನ್ನು ಮೆಚ್ಚಿಸಲೇ ಇರಬೇಕೆಂದು ಲಕ್ಕಯ್ಯ ಟಾಕೀಸಿನ ಮುಂದೆ ಮಧ್ಯಾಹ್ನದವರೆಗೆ ಹೊಂಚು ಹಾಕಿದ. ಬೇಸತ್ತು ಬೀಡಿ ಹಚ್ಚಿದವನ ಕೈ ಅಲ್ಲೇ ನಿಂತಿತು. ಹೊಗೆಸೊಪ್ಪು ಸೋಂಕಿದರೆ ರೇಷ್ಮೆ ಹುಳ ಸಾಯುತ್ತದೆ. ಬೀಡಿ ಬಿಟ್ಟು ಕೈ ತೊಳೆಯುವವನು ಹುಳುಮನೆಗೆ ಹೋಗುವವನೇ! ಮುನಿಯಪ್ಪನ ಅಕ್ಕ ಪುಟ್ಟಗೌರಮ್ಮ ಹುಳ ಸಾಕುವುದು ದೊಡ್ಡಮಳೂರಿನಲ್ಲಿ. ಲಕ್ಕಯ್ಯ ಓಡುತ್ತಿದ್ದ ಬಸ್ಸಿಗೆ ಜೋತುಬಿದ್ದ.

ಪುಟ್ಟಗೌರಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಿಂತ್ಕೊ ಅಲ್ಲೇ! ಬೀಡಿ ನಾತ ಬತ್ತಾ ಐತೆ. ಹುಳ ಹಣ್ಣಾಗವೆ, ಗೂಡು ಕಟ್ಟೋ ಹೊತ್ತು."

"ಮುನಿಯ ಒಳಗವ್ನಾ ಅಕ್ಕಾ?"

"ಅವ್ನೆ. ನಮ್ಮೆಜಮಾನ್ರು ಕಾಲು ಮುರ್ಕಂಡವ್ರೆ. ಹೇಳಿಕಳಿಸ್ದೆ, ನಿಂತ ಕಾಲಲ್ಲೇ ಬಂದ. ನೀನು ಮೊದ್ಲು ಬಾವಿ ತಾವ ಮೈ ತೊಳ್ಕೊ."

ಪತ್ತೇದಾರರು ಸ್ನಾನ ಮುಗಿಸಿ, ಅಕ್ಕನ ಗಂಡನ ಪಂಚೆ ಉಟ್ಟು ಒಳಗೆ ದಯಮಾಡಿಸಿದರು. ಮುನಿಯಪ್ಪ ಹಣ್ಣಾದ ಹುಳಗಳನ್ನು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ.

"ನಿನ್ನ ಕಳ್ಳ ಅಂದವ್ರೆ ಕಣ್ಲಾ. ಏಳು!"

ಮುನಿಯಪ್ಪನ ಮುಖ ಸಣ್ಣಗಾಯಿತು. "ಇವನ್ನ ಬುಟ್ಟು ಹೆಂಗ್ಲಾ ಬರ್ಲಿ? ತಟ್ಟೇಲೇ ಗೂಡು ಕಟ್ಬುಡ್ತವೆ. ಅಕ್ಕನ ಬೆಳೆ ಹೋಯ್ತದೆ."

"ಹಂಗಾದ್ರೆ ಒಸಿ ಸರ್ಕೊ."

ಇಬ್ಬರೂ ತಲೆ ಎತ್ತದೆ ಆಯ್ದರು. ಕೊನೆಯ ಚಂದ್ರಿಕೆ ತುಂಬಿದ್ದೇ ಬಸ್ಸಿಗೆ ಓಡಿದರು.

ಬಸವಯ್ಯ ಶೆಡ್ಡಿಗೆ ಬೀಗ ಹಾಕುತ್ತಿದ್ದರು. ಮುನಿಯಪ್ಪ ತನ್ನ ಗಂಟು ಬಿಚ್ಚಿ ಅವರ ಮುಂದೆ ಹರವಿದ: ಒಂದು ಅಂಗಿ, ಸವೆದ ಸೋಪು. ಬಸವಯ್ಯ ಗಂಟನ್ನೂ ನೋಡಿದರು, ಹಣ್ಣಾದ ಹುಳ ಬಿಡುವ ನೀರಿನ ಕಲೆ ಹತ್ತಿದ್ದ ಇಬ್ಬರ ಕೈಯನ್ನೂ ನೋಡಿದರು.

"ಕದ್ದೋನು ವಾಪಸ್ ಬತ್ತಿರ್ನಿಲ್ಲ. ನಾಳೆ ಒಲೆ ಹಚ್ಚಪ್ಪ," ಎಂದವರು ಏನೋ ನೆನಪಾಗಿ ಬೀಗ ಮತ್ತೆ ತೆಗೆದರು. "ಹಂಗಾದ್ರೆ ನನ್ ಲಡಿ ಎಲ್ಲೋಯ್ತು?"

ಲಕ್ಕಯ್ಯ ಆಗಲೇ ಮುನಿಯಪ್ಪನ ಭಾವನ ಪಂಚೆ ಎತ್ತಿಕಟ್ಟಿ, ಲಡಿ ಹುಡುಕಲು ರಾಟೆಯ ಕೆಳಗೆ ನುಸುಳಿದ್ದ.