ಅಕ್ಕನ ಎರಡು ರೊಟ್ಟಿ

“ಎರಡ ರೊಟ್ಟಿ ಅಷ್ಟರಿ ಡಾಕ್ಟರ್. ನೀವು ಹೇಳಿದಂಗ ಟೀವಿ ಬಂದ್ ಮಾಡಿ, ನುರಿಸಿ ನುರಿಸಿ ತಿಂತೇನಿ. ಈಗ ಅಷ್ಟಕ್ಕ ಹೊಟ್ಟಿ ತುಂಬತೈತಿ,” ಎಂದು ಅಕ್ಕ ಹೆಮ್ಮೆಯಿಂದ ಹೇಳಿದಳು.

ಹಾವೇರಿಯ ದವಾಖಾನೆಯಲ್ಲಿ ನಾನು ಅವಳ ಪಕ್ಕ ಕೂತಿದ್ದೆ. ಅವಳ ರಕ್ತದಲ್ಲಿ ಸಕ್ಕರೆ ಹೋದ ಸಲಕ್ಕಿಂತ ಏರಿತ್ತು. ಡಾಕ್ಟರು ಇನ್ನೂ ಜೋರಿನ ಗುಳಿಗೆ ಬರೆಯತೊಡಗಿದರು.

ಆ ರೊಟ್ಟಿ ಬಡಿಯುವವಳು ನಾನು. ಪಥ್ಯ ಮಾಡಿ ಅಕ್ಕ ಸೊರಗಿದ್ದನ್ನು ನೋಡಲಾಗದೆ, ಎರಡು ರೊಟ್ಟಿಯ ಹಿಟ್ಟಿನಲ್ಲಿ ಒಂದೇ ರೊಟ್ಟಿ ಬಡಿಯುತ್ತಿದ್ದೆ. ಯಾಕಿಷ್ಟು ದಪ್ಪ ಎಂದು ಕೇಳಿದರೆ, ಮೆತ್ತಗಿರಲಿ ಎಂದು ಅನ್ನುತ್ತಿದ್ದೆ.

ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ. ಬ್ಯಾಡಗಿ ಬಸ್ಸಿಗೆ ಕಾಯುವಾಗ ಅಕ್ಕ ಹೊಸ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಳು. ಅವಳ ಕೈ ಹಿಡಿದು ತಡೆದೆ, ಎಲ್ಲ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. “ನುರಿಸಿ ತಿಂದಿದ್ದಕ್ಕ ಹೊಟ್ಟಿ ತುಂಬಿರಲಿಲ್ಲ ಹಂಗಾರ,” ಎಂದಳಷ್ಟೆ. ಇಬ್ಬರೂ ದವಾಖಾನೆಗೆ ವಾಪಸು ನಡೆದೆವು.

ಈಗ ಹಿಟ್ಟಿನ ಉಂಡೆಯನ್ನು ಅಕ್ಕನೇ ಮಾಡಿ ಕೊಡುತ್ತಾಳೆ, ನಾನು ಬಡಿಯುತ್ತೇನೆ. ಎರಡನೆಯ ರೊಟ್ಟಿ ಮುಗಿಸಿ ಅವಳು ಕೈ ತೊಳೆಯುವಾಗ, ಇನ್ನೂ ಹಸಿವು ಐತೇನು ಎಂದು ಕೇಳಲು ನನಗೆ ಧೈರ್ಯವಾಗುವುದಿಲ್ಲ.