ಸೀಟು ಉಳಿದರೆ ನಿಮ್ಮದು

ನನಗೆ ಬಾಯಿ ಜೋರು. ಜಯನಗರ ನಾಲ್ಕನೇ ಬ್ಲಾಕಿನ ಸೊಪ್ಪಿನವರಿಂದ ಹಿಡಿದು ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸುವವರವರೆಗೆ ಎಲ್ಲರಿಗೂ ಇದು ಗೊತ್ತು. ಅಂಥ ನಾನು ಒಂದು ಇಡೀ ದಿನ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂತಿದ್ದೆ.

ದೆಹಲಿಯಲ್ಲಿರುವ ನನ್ನ ಅಕ್ಕನಿಗೆ ಮಾರನೆಯ ಬೆಳಿಗ್ಗೆ ಹೃದಯದ ಆಪರೇಷನ್. ಭಾವ ಜೊತೆಗಿದ್ದರೂ ಅವಳು ಫೋನಿನಲ್ಲಿ ಕೇಳಿದ್ದು ನನ್ನನ್ನು. "ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ನೀನೊಂದ್ಸಲ ಬಂದು ನನ್ನ ಕೈ ಹಿಡ್ಕೋ. ಅಷ್ಟು ಸಾಕು ಕಣೇ." ಹುಟ್ಟಿದಾಗಿನಿಂದ ಯಾರನ್ನೂ ಏನೂ ಕೇಳದವಳು ಅವಳು.

ನನ್ನ ಮಗಳು ಒಂದು ವಿಮಾನ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ನೌಕರರು ತಮ್ಮ ಜೊತೆ ಒಬ್ಬರನ್ನು ಕರೆದುಕೊಂಡು ಹೋಗಲು ಅಲ್ಲಿ ಬೇರೆ ಟಿಕೆಟ್ ಉಂಟು. "ಅದ್ರಲ್ಲಿ ಸೀಟ್ ಗ್ಯಾರಂಟಿ ಇಲ್ಲಮ್ಮ. ಮಿಕ್ಕೋರೆಲ್ಲ ಹತ್ತಿದ್ಮೇಲೆ ಉಳಿದ್ರೆ ನಮಗೆ. ಮಾಮೂಲಿ ಟಿಕೆಟ್ಟೇ ತಗೊಳೋಣ" ಎಂದಳು ಅವಳು. ನಾನು ಕೇಳಲಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಪೈಕಿ ನಾನು. ಅದಕ್ಕಿಂತ ಹೆಚ್ಚಾಗಿ ಜಂಬ. ಮಗಳ ಕಂಪನಿಯ ವಿಮಾನದಲ್ಲಿ ಹೊರಟಿದ್ದೇನೆಂದು ಇಟ್ಟಮಡುವಿನ ನಾದಿನಿಯವರೆಗೂ ಸಾರಿ ಆಗಿತ್ತು.

ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆಯೇ ಇಬ್ಬರೂ ಮನೆ ಬಿಟ್ಟೆವು. ದಾರಿಯಲ್ಲಿ ಮಗಳು ಎಚ್ಚರಿಸಿದಳು. "ಕೌಂಟರಲ್ಲಿ ಯಾರ ಜೊತೆನೂ ಜಗಳಕ್ಕೆ ನಿಲ್ಬೇಡ. ನೀನು ಗಲಾಟೆ ಮಾಡಿದ್ರೆ ಕಂಪ್ಲೇಂಟ್ ನನ್ಮೇಲೆ ಹೋಗುತ್ತೆ."

ಮೊದಲ ವಿಮಾನ ಭರ್ತಿ. ಎರಡನೆಯದರಲ್ಲಿ ಕೊನೆಯವರೆಗೂ ಎರಡು ಸೀಟು ಖಾಲಿಯಿದ್ದವು. ಬಾಗಿಲು ಮುಚ್ಚುವ ಹೊತ್ತಿಗೆ ಗಂಡಹೆಂಡತಿ ಇಬ್ಬರು ಏದುಸಿರು ಬಿಡುತ್ತಾ ಓಡಿ ಬಂದರು. ಅವರ ಸೀಟು, ಅವರು ಹತ್ತಿದರು. "ಸಾರಿ ಆಂಟಿ, ನೆಕ್ಸ್ಟ್ ಫ್ಲೈಟ್ ನೋಡೋಣ" ಎಂದಳು ಕೌಂಟರಿನ ಹುಡುಗಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ನಕ್ಕೆ.

ಆಗ ಬುದ್ಧಿ ಬಂತು. ಮಾಮೂಲಿ ಟಿಕೆಟ್ ತೆಗೆಸು ಎಂದೆ. ಹಬ್ಬದ ರಜೆಯ ಸಮಯ, ಆ ದಿನಕ್ಕೆ ಯಾವ ಕಂಪನಿಯದೂ ಸಿಗಲಿಲ್ಲ. ಮನೆಗೆ ಹೋಗೋಣವೆಂದರೆ ಜಯನಗರ ಊರಿನ ಆ ತುದಿ. ಮೇಲಾಗಿ ಒಳ್ಳೆ ಗಳಿಗೆ ನೋಡಿ ಹೊರಟವರು ಕೆಲಸವಾಗದೆ ವಾಪಸು ಹೊಸ್ತಿಲು ತುಳಿಯಬಾರದು ಎಂದು ನಂಬಿದವಳು ನಾನು. ಮುಂದಕ್ಕೆ ಹೋಗುವ ಹಾಗಿಲ್ಲ, ಹಿಂದಕ್ಕೆ ಹೋಗುವ ಹಾಗಿಲ್ಲ, ಯಾರನ್ನಾದರೂ ಬೈದು ಹಗುರಾಗುವ ಹಾಗೂ ಇಲ್ಲ. ಅಷ್ಟು ದೊಡ್ಡ ಜಾಗದಲ್ಲಿ ನನಗೆ ಉಸಿರು ಕಟ್ಟಿತು. ಡಬ್ಬಿಯ ಚಿತ್ರಾನ್ನವನ್ನು ಮಗಳ ಕಡೆ ತಳ್ಳಿದೆ.

ಸಂಜೆ ಅಕ್ಕ ಫೋನ್ ಮಾಡಿದಳು. "ಎಲ್ಲಿದ್ದೀಯ?"

"ಬರ್ತಾ ಇದ್ದೀನಿ ಅಕ್ಕ" ಎಂದೆ.

ಆ ದಿನದ ಕೊನೆಯ ವಿಮಾನಕ್ಕೆ ಒಂದು ಸೀಟು ಉಳಿಯಿತು. ನಾನು ಚೀಲ ಹೆಗಲಿಗೇರಿಸಿ ಎದ್ದೆ. ಮಗಳು ನನ್ನ ಮುಖ ನೋಡದೆ ಹೇಳಿದಳು. "ನಿನ್ನೊಬ್ಬಳನ್ನೇ ಹತ್ತಿಸ್ಕೊಳಲ್ಲಮ್ಮ. ಈ ಟಿಕೆಟ್ಟಲ್ಲಿ ನಾನು ಜೊತೇಲಿ ಇರ್ಲೇಬೇಕು. ನಾನಾದ್ರೆ ಒಬ್ಬಳೇ ಹೋಗ್ಬಹುದು."

ಬೈಯೋಣವೆಂದರೆ ಯಾರನ್ನು? ಅವಳು ಮೊದಲೇ ಹೇಳಿದ್ದಳು.

"ಹೋಗು" ಎಂದೆ.

ಬೆಳಿಗ್ಗೆ ಮಗಳು ಆಸ್ಪತ್ರೆಯ ಕೋಣೆಗೆ ಹೋದಾಗ ಅಕ್ಕನಿಗೆ ಮಂಪರಿನ ಔಷಧಿ ಕೊಟ್ಟಾಗಿತ್ತು, ಕನ್ನಡಕ ತೆಗೆದಿಟ್ಟಿದ್ದರು. ಇವಳು ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಚಾಚಿ "ಬಂದ್ಯಾ ಪುಟ್ಟಿ?" ಎಂದಳಂತೆ. ಅಕ್ಕನಿಗೆ ಪುಟ್ಟಿ ಎಂದರೆ ನಾನು. ದೊಡ್ಡಮ್ಮ ಎಂದು ಕರೆಯಬೇಕಾದ ನನ್ನ ಮಗಳು ಆ ಕೈ ಹಿಡಿದು "ಬಂದೆ ಅಕ್ಕ" ಎಂದಳಂತೆ. ದನಿ ಇಬ್ಬರದೂ ಒಂದೇ ಥರ.

ಎರಡು ದಿನದ ಮೇಲೆ ನಾನು ಮಾಮೂಲಿ ಟಿಕೆಟ್ಟಿನಲ್ಲಿ ಹೋದೆ. ಅಕ್ಕನಿಗೆ ಆಗಷ್ಟೇ ಸರಿಯಾಗಿ ಎಚ್ಚರವಾಗಿತ್ತು. ನಾನು ಮೊದಲಿನಿಂದ ಅಲ್ಲೇ ಇದ್ದೆನೆಂದು ನಂಬಿದ್ದಳು. ತಿದ್ದಲು ಬಾಯಿ ಬರಲಿಲ್ಲ.

ಈಗ ಚೆನ್ನಾಗಿದ್ದಾಳೆ. ಬೆಂಗಳೂರಿಗೆ ಬಂದಾಗಲೆಲ್ಲ ನೆಂಟರೆದುರು ಅದನ್ನೇ ಹೇಳುತ್ತಾಳೆ. "ಹೇಳಿದ್ ಟೈಮಿಗೆ ಬಂದ್ಲು. ಆ ಕೈ ಹಿಡ್ಕೊಂಡೇ ನಾನು ಒಳಗೆ ಹೋಗಿದ್ದು." ಭಾವ ಪೇಪರ್ ತಿರುವುತ್ತಾರೆ. ಮಗಳು ಎದ್ದು ಒಳಗೆ ಹೋಗುತ್ತಾಳೆ. ಆಮೇಲೆ ಅಕ್ಕ ನನ್ನ ಕಡೆ ತಿರುಗಿ, "ನಿನ್ನ ಕೈ ಎಷ್ಟು ತಣ್ಣಗಿತ್ತು ಅಂತೀಯ. ತುಂಬಾ ಹೆದರಿದ್ದೆ ಅಲ್ವಾ?" ಎಂದು ಕೇಳುತ್ತಾಳೆ.

"ಹೂಂ ಅಕ್ಕ, ತುಂಬಾ ಹೆದರಿದ್ದೆ" ಎನ್ನುತ್ತೇನೆ.