ಕಡಲಿಗೆ ಬಿದ್ದ ಕರಡಿಗೆ

ಅವ್ವನನ್ನು ನೀರಿಗೆ ಇಳಿಸಿದ್ದು ನಾನೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ.

ಪಾವಗಡದ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಸೋಮನಾಥಕ್ಕೆ ಹೋಗಿದ್ದೆವು. ದರ್ಶನ ಮುಗಿದ ಮೇಲೆ ಮೂರು ದಿನ ಆರಾಮಾಗಿ ಇರೋಣವೆಂದು ಹತ್ತಿರದ ದಿಯುಗೆ ಬಂದೆವು. ಸಮುದ್ರದ ಅಂಚಿಗೆ ಹಳೆಯ ಕೋಟೆಗೋಡೆ, ಅದರೊಳಗೆ ಬಣ್ಣ ಬಳಿದ ಮನೆಗಳ ಸಣ್ಣ ಸಣ್ಣ ಗಲ್ಲಿಗಳು. ಮಾಡುವುದಕ್ಕೆ ಕೆಲಸವಿಲ್ಲ. ಹೆಂಗಸರು ಎಂಟು ಗಂಟೆಯಾದರೂ ಏಳುತ್ತಿರಲಿಲ್ಲ, ಗಂಡಸರು ಗೋಡೆಯ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಅವ್ವ ಮಾತ್ರ ಊರಿನಲ್ಲಿದ್ದಂತೆಯೇ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರೂ ಮುಟ್ಟುತ್ತಿರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎಲ್ಲರೂ ಗೋಡೆಯಾಚೆಯ ಮರಳಿಗೆ ಹೋದೆವು. ಅವ್ವ ದಡದಲ್ಲೇ ಕೂತಳು. ಎಪ್ಪತ್ತು ದಾಟಿದವಳು, ಕಡಲನ್ನು ನೋಡಿದ್ದೇ ಈ ಪ್ರವಾಸದಲ್ಲಿ. ನನಗೆ ಹಟ. ಕೈಹಿಡಿದು ಎಳೆದುಕೊಂಡು ಹೋದೆ. ಮೊಣಕಾಲುದ್ದ ನೀರಿನಲ್ಲಿ ಅವಳು ಸಣ್ಣ ಹುಡುಗಿಯ ಹಾಗೆ ಕಿರುಚಿ ನಗುತ್ತಿದ್ದಳು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಇಬ್ಬರನ್ನೂ ಕೆಡವಿತು. ಎದ್ದು ನೋಡಿದರೆ ಅವಳ ಕೊರಳಲ್ಲಿ ಶಿವದಾರವಿಲ್ಲ, ಕರಡಿಗೆಯೂ ಇಲ್ಲ.

ಅವ್ವ ಅಳಲಿಲ್ಲ. ಬಿದ್ದ ಜಾಗಕ್ಕೆ ನೇರವಾಗಿ ದಡದಲ್ಲಿ ತನ್ನ ಚಪ್ಪಲಿ ಇಟ್ಟು ಗುರುತು ಮಾಡಿದಳು. "ನೀರು ಇಳೀಲಿ ಬುಡಮ್ಮ. ನಮ್ ಕೆರೇಲಿ ಬಿದ್ದ ಬಿಂದಿಗೆ ಬ್ಯಾಸ್ಗೇಲಿ ಸಿಗ್ಲಿಲ್ವಾ?" ಅಂದಳು.

ನಗಬೇಕಾದ ಮಾತು. ನಾವು ಯಾರೂ ನಗಲಿಲ್ಲ. ಒಣನೆಲದವರು ನಾವು, ನೀರಿಗೆ ಬಿದ್ದದ್ದು ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆಂದು ನಂಬಿ ಬೆಳೆದವರು. ಮಧ್ಯಾಹ್ನ ಕಡಲು ನಿಜಕ್ಕೂ ಹಿಂದೆ ಸರಿಯಿತು. ನಾಲ್ಕೂ ಮನೆಯವರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಹೊಲದಲ್ಲಿ ಉಳಿದ ಕಡಲೆಕಾಯಿ ಆಯುವವರಂತೆ ಒದ್ದೆ ಮರಳು ಕೆದಕಿದೆವು. ಚಿಪ್ಪು ಸಿಕ್ಕವು, ಯಾರದೋ ಬಳೆ ಸಿಕ್ಕಿತು. ಸಂಜೆಗೆ ನೀರು ಮತ್ತೆ ಬಂದು ಎಲ್ಲವನ್ನೂ ಮುಚ್ಚಿತು. ಒಂದೇ ದಿನದಲ್ಲಿ ಇಳಿದು ತುಂಬುವ ನೀರನ್ನು ಅವ್ವ ಯಾವತ್ತೂ ಕಂಡಿರಲಿಲ್ಲ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

"ಸೋಮನಾಥನ ಕಡಲು ಕಣಕ್ಕ, ಶಿವನ್ದು ಶಿವನ್ಗೇ ಸೇರ್ತು ಬುಡು," ಎಂದಳು ಪಕ್ಕದ ಮನೆಯಾಕೆ ನನಗೆ. ಆಕೆಯ ಬಾಯಿಗೆ ಮರಳು ತುಂಬಬೇಕೆನಿಸಿತು. ಹೋದದ್ದು ಆಕೆಯದಲ್ಲವಲ್ಲ!

ಲಿಂಗವಿಲ್ಲದೆ ಅವ್ವ ಊಟ ಮುಟ್ಟಲಿಲ್ಲ. ಊರಿನ ಮಠದ ಸ್ವಾಮಿಗಳಿಗೆ ಫೋನ್ ಮಾಡಿದೆ. ನಿಮ್ಮವ್ವ ವಯಸ್ಸಾದವರು, ಹಾಲು ಹಣ್ಣು ಕೊಡಿ, ಬಂದ ಮೇಲೆ ಬೇರೆ ಲಿಂಗ ಕಟ್ಟುತ್ತೇನೆ ಎಂದರು. ಅವರ ಮಾತಿಗೆ ಅವ್ವ ಒಂದು ಲೋಟ ಹಾಲು ಕುಡಿದಳು, ಅಷ್ಟೇ. ಪ್ರವಾಸ ಅಲ್ಲಿಗೇ ಮುಗಿಸಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೈ ಆಗಾಗ ಎದೆಯ ಮೇಲೆ ತಡಕಾಡುತ್ತಿತ್ತು. ಎದುರಿಗೆ ಕೂತು ನಾನು ಅದನ್ನೇ ನೋಡುತ್ತಿದ್ದೆ.

ಸ್ವಾಮಿಗಳು ಹೊಸ ಲಿಂಗ ಕಟ್ಟಿದರು. ಅವ್ವ ಉಣ್ಣತೊಡಗಿದಳು. ಎಲ್ಲ ಸರಿಹೋಯಿತೆಂದು ಮನೆಯವರು ಹೇಳುತ್ತಾರೆ. ಮೊನ್ನೆ ಪೂಜೆಗೆ ಕೂತವಳು ಹೂವು ಏರಿಸದೆ ಅಂಗೈಯ ಲಿಂಗವನ್ನೇ ನೋಡುತ್ತಿದ್ದಳು. ಏನವ್ವ ಎಂದು ಕೇಳಿದೆ.

"ಅದು ನಾನು ಹುಟ್ದಾಗಿಂದ ನನ್ ಮೈಮೇಲಿತ್ತು ಕಣಮ್ಮ. ನಿನ್ನ ಹೆತ್ತಾಗ್ಲೂ ಇತ್ತು, ನಿಮ್ಮಪ್ಪನ್ನ ಮಣ್ಣು ಮಾಡ್ದಾಗ್ಲೂ ಇತ್ತು. ಇದಕ್ಕೆ ನಾನ್ಯಾರು ಅಂತ್ಲೇ ಗೊತ್ತಿಲ್ಲ. ನಾಳೆ ನಾನ್ ಸತ್ರೆ ನನ್ ಅಂಗೈಲಿಟ್ಟು ಮಣ್ಣು ಮಾಡೋದು ಇದನ್ನೇ ಅಲ್ವಾ?"